ಮನಸ್ಸನ್ನು ಅಳೆಯಹೊರಟವನ ಅರ್ಹತೆ

ಭೌತಶಾಸ್ತ್ರವನ್ನು ಬೋಧಿಸುವವನು ಮನಶ್ಶಾಸ್ತ್ರದ ಪದವಿಯನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ನಮ್ಮ ಭಾಗದ ಕಾಲೇಜುಗಳಲ್ಲಿ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. "ಗಣಿತ ನನಗೆ ಒಗ್ಗುವುದಿಲ್ಲ, ಪ್ರಯೋಗಶಾಲೆಯ ಸಹವಾಸವೂ ಬೇಡ, ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ ಸಂಶೋಧನೆಗೆ ಹೋಗುತ್ತೇನೆ" ಎಂದು ಬುದ್ಧಿವಂತರಾದ ವಿದ್ಯಾರ್ಥಿಗಳೇ ಹೇಳುತ್ತಾರೆ. ಈ ಮಾತಿನಲ್ಲಿರುವ ಆಸೆ ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಸಂಶೋಧನೆಯನ್ನು ಗುರಿಯಾಗಿಟ್ಟುಕೊಂಡ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಗೆ ಗಣಿತವೂ ಬೇಕು, ಪ್ರಯೋಗಶಾಲೆಯೂ ಬೇಕು. ಇವುಗಳ ಜತೆಗೆ ಮೂರನೆಯದೊಂದು ಬೇಕು. ಅದನ್ನು ನಮ್ಮಲ್ಲಿ ಸಾಕಷ್ಟು ಒತ್ತಿ ಕೇಳುತ್ತಿಲ್ಲವೆಂಬುದೇ ನನ್ನ ತಕರಾರು.

ಮೊದಲು ವಂಶದ ವಿಚಾರ. ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಮಗಳೆಂದು ಹೇಳುವುದು ವಾಡಿಕೆ. ಭೌತಶಾಸ್ತ್ರವು ಅದಕ್ಕೆ ಸೋದರಮಾವನೆಂಬುದು ಅಷ್ಟಾಗಿ ಯಾರ ನೆನಪಿನಲ್ಲಿಯೂ ಇಲ್ಲ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಮ್ಯಾಸ್ಕಲಿನ್, ತನ್ನ ಸಹಾಯಕನಾದ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದುಹಾಕಿದನು. ನಕ್ಷತ್ರವು ದೂರದರ್ಶಕದೊಳಗಿನ ತಂತಿಯನ್ನು ದಾಟುವ ಕ್ಷಣವನ್ನು ಈ ಸಹಾಯಕನು ಮುಖ್ಯಸ್ಥನಿಗಿಂತ ಸುಮಾರು 0.8 ಸೆಕೆಂಡು ತಡವಾಗಿ ಬರೆಯುತ್ತಿದ್ದನೆಂಬುದೇ ಅವನ ಅಪರಾಧ. ಸುಮಾರು ಕಾಲು ಶತಮಾನದ ತರುವಾಯ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞನು ಈ ಪ್ರಕರಣವನ್ನು ಕೆದಕಿ, ಒಬ್ಬೊಬ್ಬ ವೀಕ್ಷಕನಿಗೂ ಅವನದೇ ಆದ ಕಾಲವ್ಯತ್ಯಾಸ ಇರುತ್ತದೆಂದು ತೋರಿಸಿದನು. ಅಳತೆಯ ಉಪಕರಣದಲ್ಲಿ ಮನುಷ್ಯನೂ ಒಂದು ಭಾಗವೆಂಬುದು ಆಗ ಸ್ಪಷ್ಟವಾಯಿತು. ಮುಂದೆ 1850ರ ಹೊತ್ತಿಗೆ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂವೇದನೆ ಹರಿಯುವ ವೇಗವನ್ನು ಅಳೆದು, ಅದು ಸೆಕೆಂಡಿಗೆ ಸುಮಾರು 27 ಮೀಟರು ಎಂದು ಕಂಡುಕೊಂಡನು. ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಫೆಕ್ನರ್, ಪ್ರಚೋದನೆಗೂ ಅನುಭವಕ್ಕೂ ಇರುವ ಗಣಿತ ಸಂಬಂಧವನ್ನು ವಿವರಿಸುವ ತನ್ನ ಗ್ರಂಥವನ್ನು 1860ರಲ್ಲಿ ಪ್ರಕಟಿಸಿದನು. ಅದೇ ಊರಿನಲ್ಲಿ 1879ರಲ್ಲಿ ವುಂಟ್ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದನು. ಗಣಿತವನ್ನು ತಪ್ಪಿಸಿಕೊಳ್ಳಲೆಂದು ಮನಶ್ಶಾಸ್ತ್ರಕ್ಕೆ ಬರುವವರು ಈ ಹಿರಿಯರ ಮನೆಯ ಹೊಸ್ತಿಲನ್ನೇ ದಾಟಲಾರರು.

ಇನ್ನು ಪದವಿಗೆ ಕಾಗದದ ಮೇಲೆ ಬೇಕಾಗುವ ಅರ್ಹತೆಗಳು. ಇವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಕರ್ನಾಟಕದ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ 2024-25ರಿಂದ ಪದವಿ ಶಿಕ್ಷಣವು ಮತ್ತೆ ಮೂರು ವರ್ಷದ್ದಾಗಿದೆ. ಅದರ ಮೇಲೆ ಎರಡು ವರ್ಷ, ಅಂದರೆ ನಾಲ್ಕು ಸೆಮಿಸ್ಟರುಗಳ ಎಂ.ಎ. ಅಥವಾ ಎಂ.ಎಸ್ಸಿ. ಮಾಡಬೇಕು. ಧಾರವಾಡ, ಮೈಸೂರು, ಬೆಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಿವೆ. ಪದವಿಯಲ್ಲಿ ಮನಶ್ಶಾಸ್ತ್ರವನ್ನು ಓದಿದವರಿಗೆ ಪ್ರವೇಶ ಸುಲಭ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2024ರಲ್ಲಿ ಹೊರಡಿಸಿದ ಸ್ನಾತಕೋತ್ತರ ಪಠ್ಯಕ್ರಮದ ಚೌಕಟ್ಟಿನಂತೆ, ಎರಡನೆಯ ವರ್ಷವನ್ನು ಪೂರ್ತಿಯಾಗಿ ಪಾಠಕ್ಕೆ ಕೊಡಬಹುದು, ಮೂರನೆಯ ಸೆಮಿಸ್ಟರಿನಲ್ಲಿ ಪಾಠ ಓದಿ ನಾಲ್ಕನೆಯದರಲ್ಲಿ ಸಂಶೋಧನೆ ಮಾಡಬಹುದು, ಇಲ್ಲವೆ ಎರಡೂ ಸೆಮಿಸ್ಟರುಗಳನ್ನು ಸಂಶೋಧನೆಗೇ ಮೀಸಲಿಡಬಹುದು. ಸಂಶೋಧನಾ ಪದವಿ ಎಂದು ನಾನು ಹೇಳುತ್ತಿರುವುದು ಕೊನೆಯ ಎರಡು ಬಗೆಗಳನ್ನು. ಪಿಎಚ್.ಡಿ.ಗೆ ಹೋಗಬೇಕೆಂದರೆ ಸ್ನಾತಕೋತ್ತರದಲ್ಲಿ ಶೇಕಡಾ 55 ಅಂಕಗಳು ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮೊದಲಾದವರಿಗೆ ಶೇಕಡಾ 5ರಷ್ಟು ವಿನಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೆಂಬ ನಿಯಮವೂ ಇದೆ. ಮೂರು ವರ್ಷದ ಪದವಿಧರರಿಗೆ ಅದರಿಂದ ಪ್ರಯೋಜನವಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಹಿಂದೆ ಎಂ.ಎ.ಗೂ ಪಿಎಚ್.ಡಿ.ಗೂ ನಡುವೆ ಎಂ.ಫಿಲ್. ಎಂಬ ಮೆಟ್ಟಿಲಿತ್ತು. ಸಂಶೋಧನೆಯ ಅಆಇಈಯನ್ನು ಬಹುಮಂದಿ ಕಲಿಯುತ್ತಿದ್ದುದು ಅಲ್ಲಿಯೇ. 2022ರ ನವೆಂಬರಿನ ನಿಯಮಾವಳಿಯಿಂದ ಆಯೋಗವು ಆ ಮೆಟ್ಟಿಲನ್ನು ತೆಗೆದುಹಾಕಿತು. ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಈ ಎರಡರ ಎಂ.ಫಿಲ್.ಗೆ ಮಾತ್ರ 2025-26ರವರೆಗೆ ಅವಕಾಶ ಉಳಿಸಲಾಯಿತು. ಹೀಗಾಗಿ ಸಂಶೋಧನೆಯನ್ನು ಕೈಯಾರೆ ಕಲಿಸುವ ಹೊಣೆ ಈಗ ಸ್ನಾತಕೋತ್ತರ ಪದವಿಯ ಮೇಲೆಯೇ ಬಿದ್ದಿದೆ. ಆ ಪದವಿ ಪೊಳ್ಳಾದರೆ ಮುಂದಿನ ಕಟ್ಟಡ ಯಾವುದರ ಮೇಲೆ ನಿಲ್ಲಬೇಕು? (ಸಂಶೋಧನೆಯ ಸಾಮಾನ್ಯ ಎಂ.ಎ. ಪಡೆದವನು ರೋಗಿಗಳಿಗೆ ಚಿಕಿತ್ಸೆ ಮಾಡುತ್ತೇನೆಂದು ಬಾಗಿಲಿಗೆ ಫಲಕ ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಬೇರೆ ತರಬೇತಿ, ಬೇರೆ ನೋಂದಣಿ ಉಂಟು. ಇವೆರಡನ್ನೂ ಬೆರಸಿಕೊಂಡು ಸೇರಿದವರು ಆಮೇಲೆ ನಿರಾಶರಾಗುತ್ತಾರೆ.)

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಶೋಧನಾ ಪ್ರಬಂಧಕ್ಕೆ ಸಾಮಾನ್ಯವಾಗಿ ಕೇಳುವುದೇನು? ಒಂದು ಸಮಸ್ಯೆ, ಹಿಂದಿನ ಕೆಲಸದ ವಿಮರ್ಶೆ, ಒಂದು ಪ್ರಶ್ನಾವಳಿ, ಇಷ್ಟು ಜನರಿಂದ ಉತ್ತರ, ಲೆಕ್ಕ, ತೀರ್ಮಾನ, ಕೊನೆಗೆ ಮೌಖಿಕ ಪರೀಕ್ಷೆ. ಇವುಗಳಲ್ಲಿ ಪ್ರಶ್ನಾವಳಿಯ ವಿಚಾರದಲ್ಲಿ ನಮ್ಮವರು ತೋರುವ ಔದಾರ್ಯ ಆಶ್ಚರ್ಯಕರವಾದುದು. ನಾನು ನೋಡಿದ ಒಂದು ಪ್ರಬಂಧದಲ್ಲಿ, ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗಾಗಿ ಇಂಗ್ಲಿಷಿನಲ್ಲಿ ರಚಿಸಿದ ಪ್ರಶ್ನೆಗಳನ್ನು ಸಂಶೋಧಕನು ತಾನೇ ಬಾಯಿಮಾತಿನಲ್ಲಿ ಕನ್ನಡಿಸುತ್ತ ಕಬ್ಬಿನ ಗದ್ದೆಯ ಕೂಲಿಕಾರರ ಮುಂದೆ ಓದಿದ್ದನು. ಒಬ್ಬರಿಗೆ ಒಂದು ರೀತಿ, ಇನ್ನೊಬ್ಬರಿಗೆ ಇನ್ನೊಂದು ರೀತಿ ಓದಿರಲೇಬೇಕು. ಉತ್ತರಗಳನ್ನು ಮಾತ್ರ ಎರಡು ದಶಮಾಂಶ ಸ್ಥಾನಗಳವರೆಗೆ ಲೆಕ್ಕಹಾಕಲಾಗಿತ್ತು! ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಸೊನ್ನೆ ದೋಷವನ್ನು ನೋಡದೆ ಸ್ಕ್ರೂಗೇಜಿನಿಂದ ತಂತಿಯ ದಪ್ಪವನ್ನು ಅಳೆದರೆ ಆ ಪ್ರಯೋಗವನ್ನು ಮತ್ತೆ ಮಾಡಿಸುತ್ತೇವೆ. ಮನುಷ್ಯನ ಮನಸ್ಸಿಗೆ ಹಿಡಿದ ಅಳತೆಗೋಲಿನ ಸೊನ್ನೆ ದೋಷವನ್ನು ಯಾರೂ ಕೇಳದಿರುವುದು ಹೇಗೆ?

ಮೂರನೆಯ ಅರ್ಹತೆ ಎಂದೆನಲ್ಲ, ಅದು ಇದು. ತಾನು ಹಿಡಿದ ಅಳತೆಗೋಲು ತಾನು ಅಳೆಯುತ್ತಿರುವ ಜನರ ಭಾಷೆಯಲ್ಲಿ ಸರಿಯಾಗಿ ಅಳೆಯುತ್ತದೆಂದು ವಿದ್ಯಾರ್ಥಿಯು ಮೊದಲು ತೋರಿಸಿಕೊಡಬೇಕು. ಅದನ್ನು ತೋರಿಸದ ಪ್ರಬಂಧಕ್ಕೆ ಪದವಿ ಕೊಡಬಾರದು.

ಇದು ಹೊಸ ಆದರ್ಶವೇನೂ ಅಲ್ಲ. ನಮ್ಮ ನಾಡಿನಲ್ಲಿಯೇ ಹಿಂದೆ ನಡೆದುದು. ಭಾರತದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಪಠ್ಯಕ್ರಮವನ್ನು ಮೊದಲು ಸಿದ್ಧಪಡಿಸಿದವರು ಬ್ರಜೇಂದ್ರನಾಥ ಶೀಲರು. ಅದು 1905ರಲ್ಲಿ, ಕಲ್ಕತ್ತ ವಿಶ್ವವಿದ್ಯಾನಿಲಯಕ್ಕಾಗಿ. ಅಲ್ಲಿ ವಿಭಾಗ ತೆರೆದದ್ದು ಸುಮಾರು ಹತ್ತು ವರ್ಷಗಳ ತರುವಾಯ. ಅದೇ ಶೀಲರು 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ವಿಭಾಗ ಪ್ರಾರಂಭವಾಯಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಯವರು, ಲಂಡನ್ನಿನಲ್ಲಿ ಸ್ಪಿಯರ್ಮನ್ನರ ಶಿಷ್ಯರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಬಿತ್ತರಿಸತೊಡಗಿದವರೂ ಇವರೇ ಎಂಬುದು ಬಹುಮಂದಿಗೆ ಗೊತ್ತು; ಮನಶ್ಶಾಸ್ತ್ರಜ್ಞರೆಂಬುದು ಗೊತ್ತಿರುವವರು ಕಡಿಮೆ.

ಆದರೆ ನಮ್ಮ ಚಿಕ್ಕೋಡಿ, ಅಥಣಿ, ಕಾಗವಾಡ ಸೀಮೆಯವರಿಗೆ ಇನ್ನೂ ಹತ್ತಿರವಾದ ಹೆಸರು ವಿ. ವಿ. ಕಾಮತರದು. ಪ್ಯಾರಿಸಿನ ಬಿನೆ ಮತ್ತು ಸಿಮೋನ್ 1905ರಲ್ಲಿ ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಯೊಂದನ್ನು ರಚಿಸಿದ್ದರು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಕಾಲದಲ್ಲಿ ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ಈ ಕೆಲಸದ ವರದಿ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. 'ಮುಂಬಯಿ-ಕರ್ನಾಟಕ ಪರಿಷ್ಕರಣ'ವೆಂದು ಅದಕ್ಕೆ ಹೆಸರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಇಂದಿಗೂ ನಮ್ಮ ದೇಶದ ಚಿಕಿತ್ಸಾಲಯಗಳಲ್ಲಿ ಅದು ಬಳಕೆಯಲ್ಲಿದೆ. ಇದನ್ನು ಬರಿಯ ಭಾಷಾಂತರವೆಂದು ತಿಳಿಯಬಾರದು. ಪ್ಯಾರಿಸಿನ ಏಳು ವರ್ಷದ ಹುಡುಗನಿಗೆ ಸುಲಭವಾದ ಪ್ರಶ್ನೆ ನಮ್ಮ ಏಳು ವರ್ಷದವನಿಗೆ ಕಷ್ಟವಾಗಬಹುದು, ಇಲ್ಲವೆ ಇನ್ನೂ ಸುಲಭವಾಗಬಹುದು. ಯಾವ ಪ್ರಶ್ನೆ ಯಾವ ವಯಸ್ಸಿಗೆ ಎಂಬುದನ್ನು ನಮ್ಮ ಮಕ್ಕಳನ್ನೇ ಕೇಳಿ ಹೊಸದಾಗಿ ನಿಶ್ಚಯಿಸಬೇಕು.

ಈ ಹಿರಿಯ ಕೆಲಸಕ್ಕೆ ನಾವು ಸಲ್ಲಿಸುತ್ತಿರುವ ಗೌರವ ಎಂಥದು? ಮುಂದುವರಿಸುವ ಬದಲು ಹಾಗೆಯೇ ಇಟ್ಟುಕೊಂಡು ಕೂತಿದ್ದೇವೆ. ಬುದ್ಧಿಪರೀಕ್ಷೆಗಳಲ್ಲಿ ಜನರು ಪಡೆಯುವ ಅಂಕಗಳು ಕಾಲಕ್ರಮದಲ್ಲಿ ಏರುತ್ತ ಹೋಗುತ್ತವೆಂದು ಫ್ಲಿನ್ 1984ರಲ್ಲಿ ತೋರಿಸಿದರು. ಅಮೆರಿಕದಲ್ಲಿ ಈ ಏರಿಕೆ ದಶಕಕ್ಕೆ ಸುಮಾರು 3 ಅಂಕ. ಅಂದ ಮೇಲೆ ತೊಂಬತ್ತು ವರ್ಷಗಳ ಹಿಂದಿನ ಮಕ್ಕಳಿಂದ ಗುರುತು ಹಾಕಿದ ಅಳತೆಗೋಲಿನಿಂದ ಇಂದಿನ ಮಗುವನ್ನು ಅಳೆದು, ಇದು ಮಂದ, ಇದು ಸಾಧಾರಣ ಎಂದು ಬರೆದುಕೊಟ್ಟರೆ ಆಗುವ ಅನ್ಯಾಯ ಕೇವಲ ಶಾಸ್ತ್ರದ್ದಲ್ಲ. ಆ ಚೀಟಿಯ ಮೇಲೆ ಮಗುವಿನ ಶಾಲೆ ನಿಂತಿದೆ, ಅಂಗವೈಕಲ್ಯದ ಪ್ರಮಾಣಪತ್ರ ನಿಂತಿದೆ, ಸರಕಾರದ ಸಹಾಯಧನವೂ ನಿಂತಿದೆ.

ಭಾಷೆಯ ಸೊನ್ನೆ ದೋಷ ಎಷ್ಟು ಸೂಕ್ಷ್ಮವಾಗಿರಬಲ್ಲದೆಂಬುದಕ್ಕೆ ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಅಂಕಿಗಳನ್ನು ಒಂದೊಂದಾಗಿ ಹೇಳಿ, ಕೇಳಿದವನಿಂದ ಅದೇ ಕ್ರಮದಲ್ಲಿ ಮರಳಿ ಹೇಳಿಸುವುದು ಬಿನೆಯ ಕಾಲದಿಂದ ಬಂದ ಪರೀಕ್ಷೆ. ಎಷ್ಟು ಅಂಕಿಗಳನ್ನು ತಪ್ಪದೆ ಹೇಳಬಲ್ಲನೋ ಅಷ್ಟು ಅವನ ಸ್ಮರಣೆಯ ಹರವು. ಇದಕ್ಕಿಂತ ಭಾಷೆಯ ಹಂಗಿಲ್ಲದ ಪರೀಕ್ಷೆ ಇನ್ನಾವುದಿದೆ ಎನ್ನಿಸಬಹುದು. ಅಂಕಿ ಎಲ್ಲ ದೇಶದಲ್ಲಿಯೂ ಅಂಕಿಯೇ ತಾನೆ! ಆದರೆ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಈ ಪರೀಕ್ಷೆಯನ್ನು ವೆಲ್ಷ್ ಭಾಷೆಯಲ್ಲಿ ಮಾಡಿದಾಗ ಮಕ್ಕಳ ಸ್ಮರಣೆ ಇಂಗ್ಲಿಷ್ ಮಕ್ಕಳದಕ್ಕಿಂತ ಕಡಿಮೆಯೆಂದು ಕಂಡಿತು. ಎಲಿಸ್ ಮತ್ತು ಹೆನ್ನೆಲಿ ಎಂಬ ಇಬ್ಬರು 1980ರಲ್ಲಿ ಕಾರಣವನ್ನು ಹೊರತೆಗೆದರು. ವೆಲ್ಷ್ ಭಾಷೆಯ ಅಂಕಿಗಳ ಹೆಸರುಗಳನ್ನು ಉಚ್ಚರಿಸಲು ಹೆಚ್ಚು ಕಾಲ ಹಿಡಿಯುತ್ತದೆ. ಸುಮಾರು ಎರಡು ಸೆಕೆಂಡುಗಳಲ್ಲಿ ಒಳಗೊಳಗೇ ಹೇಳಿಕೊಳ್ಳಬಹುದಾದಷ್ಟನ್ನು ನಮ್ಮ ಅಲ್ಪಕಾಲದ ಸ್ಮರಣೆ ಹಿಡಿದಿಡುತ್ತದೆಂದು ಬ್ಯಾಡಲಿ ಮತ್ತು ಸಂಗಡಿಗರು 1975ರಲ್ಲಿಯೇ ತೋರಿಸಿದ್ದರು. ಹೆಸರು ಉದ್ದವಾದರೆ ಆ ಎರಡು ಸೆಕೆಂಡಿನ ಚೀಲದಲ್ಲಿ ಹಿಡಿಸುವ ಅಂಕಿಗಳು ಕಡಿಮೆ. ಎರಡೂ ಭಾಷೆ ಬಲ್ಲ ಒಬ್ಬನೇ ವ್ಯಕ್ತಿ ವೆಲ್ಷಿನಲ್ಲಿ ಕಡಿಮೆ, ಇಂಗ್ಲಿಷಿನಲ್ಲಿ ಹೆಚ್ಚು ಅಂಕಿಗಳನ್ನು ಹೇಳಿದನು. ಬಾಯಲ್ಲಿ ಬೇರೊಂದು ಶಬ್ದವನ್ನು ಜಪಿಸುತ್ತ ಇರುವಂತೆ ಮಾಡಿ ಒಳಗಿನ ಉಚ್ಚಾರವನ್ನು ತಡೆದಾಗ ವ್ಯತ್ಯಾಸವೇ ಮಾಯವಾಯಿತು. ಮಕ್ಕಳ ಬುದ್ಧಿಯಲ್ಲಿ ಕೊರತೆ ಇರಲಿಲ್ಲ.

ಈಗ ಕಾಗವಾಡ ತಾಲೂಕಿನ ಜುಗೂಳಕ್ಕೆ ಬನ್ನಿ. ಊರು ಕೃಷ್ಣೆಯ ದಡದಲ್ಲಿದೆ. ನದಿಯ ಆಚೆಗೆ ಮಹಾರಾಷ್ಟ್ರದ ಶಿರೋಳ ತಾಲೂಕಿನ ಖಿದ್ರಾಪುರ, ಅಲ್ಲಿಯ ಕೋಪೇಶ್ವರ ದೇವಾಲಯ. ಇಂಥ ಗಡಿಯ ಊರುಗಳಲ್ಲಿ ಕನ್ನಡ ಮರಾಠಿಗಳೆರಡೂ ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತವೆ. ಒಂದರಿಂದ ಒಂಬತ್ತರವರೆಗೆ ಕನ್ನಡದಲ್ಲಿ ಎಣಿಸಿ ನೋಡಿರಿ: ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು. ಬರೆದಂತೆ ಉಚ್ಚರಿಸಿದರೆ ಒಟ್ಟು 20 ಉಚ್ಚಾರಾಂಶಗಳು. ಮರಾಠಿಯಲ್ಲಿ ಎಣಿಸಿರಿ: ಏಕ್, ದೋನ್, ತೀನ್, ಚಾರ್, ಪಾಚ್, ಸಹಾ, ಸಾತ್, ಆಠ್, ನವೂ. ಒಟ್ಟು 11. ಕನ್ನಡದಲ್ಲಿ ಒಂದೇ ಉಚ್ಚಾರಾಂಶದ ಅಂಕಿ ಒಂದೂ ಇಲ್ಲ. ಮರಾಠಿಯಲ್ಲಿ ಏಳು ಇವೆ. ಹಾಗಾದರೆ ಎರಡೂ ಭಾಷೆ ಬಲ್ಲ ಗಡಿಯ ಹುಡುಗಿಗೆ ಕನ್ನಡದಲ್ಲಿ ಅಂಕಿ ಕೊಟ್ಟಾಗ ಒಂದು ಫಲ, ಮರಾಠಿಯಲ್ಲಿ ಕೊಟ್ಟಾಗ ಇನ್ನೊಂದು ಫಲ ಬರುತ್ತದೆಯೆ? ಕನ್ನಡ ಶಾಲೆಯ ಮಗುವನ್ನು ಮರಾಠಿ ಶಾಲೆಯ ಮಗುವಿನೊಡನೆ ಒಂದೇ ಪಟ್ಟಿಯಿಂದ ಹೋಲಿಸುವುದು ನ್ಯಾಯವೆ? ವೇಲ್ಸಿನಲ್ಲಿ ಹೀಗಾಯಿತೆಂದು ಇಲ್ಲಿಯೂ ಹೀಗೆಯೇ ಆಗುವುದೆಂದು ಹೇಳಬರುವುದಿಲ್ಲ, ಅಳೆದೇ ನೋಡಬೇಕು. ನಮ್ಮ ಆಡುಮಾತಿನಲ್ಲಿ 'ಒಂದ್, ಎರಡ್, ಮೂರ್' ಎಂದು ಕೊನೆಯ ಸ್ವರವನ್ನು ನುಂಗುವುದೂ ಉಂಟು. ಆದುದರಿಂದ ಉಚ್ಚಾರಾಂಶಗಳ ಎಣಿಕೆಯನ್ನು ನೆಚ್ಚದೆ, ಮಗು ಆಡಿದಂತೆಯೇ ಧ್ವನಿಯನ್ನು ಮುದ್ರಿಸಿ ಕಾಲವನ್ನು ಸೆಕೆಂಡಿನ ಭಾಗಗಳಲ್ಲಿ ಅಳೆಯಬೇಕು.

ಸ್ನಾತಕೋತ್ತರ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಇದನ್ನು ಕೈಗೊಂಡವನು ಪದವಿಯ ಎಲ್ಲ ಅರ್ಹತೆಗಳನ್ನೂ ಒಂದೇ ಕೆಲಸದಲ್ಲಿ ಗಳಿಸಿಕೊಳ್ಳುತ್ತಾನೆ. ಮೊದಲನೆಯದಾಗಿ ಸಂಖ್ಯಾಶಾಸ್ತ್ರ. ಬೇರೆ ಬೇರೆ ಮಕ್ಕಳ ಎರಡು ಗುಂಪುಗಳನ್ನು ಹೋಲಿಸುವುದಾದರೆ, ಅರ್ಧ ಮಾನಕ ವಿಚಲನೆಯಷ್ಟು ವ್ಯತ್ಯಾಸವನ್ನು ನೂರಕ್ಕೆ ಎಂಬತ್ತು ಪಾಲು ಖಚಿತವಾಗಿ ಕಂಡುಹಿಡಿಯಲು ಗುಂಪೊಂದಕ್ಕೆ 64 ಮಕ್ಕಳು ಬೇಕು. ಅದೇ ಮಗುವನ್ನು ಎರಡೂ ಭಾಷೆಗಳಲ್ಲಿ ಪರೀಕ್ಷಿಸಿದರೆ, ಮಗುವಿನ ಎರಡು ಫಲಗಳ ಅಂತರದಲ್ಲಿ ಅಷ್ಟೇ ಪ್ರಮಾಣದ ವ್ಯತ್ಯಾಸವನ್ನು ಕಾಣಲು 34 ಮಕ್ಕಳು ಸಾಕು. ಅರ್ಧ ಮಕ್ಕಳಿಗೆ ಕನ್ನಡ ಮೊದಲು, ಉಳಿದರ್ಧಕ್ಕೆ ಮರಾಠಿ ಮೊದಲು ಮಾಡಬೇಕು. ಇಲ್ಲದಿದ್ದರೆ ಅಭ್ಯಾಸದ ಫಲವನ್ನು ಭಾಷೆಯ ಫಲವೆಂದು ತಿಳಿದು ಮೋಸಹೋಗುತ್ತೇವೆ. ಇವೆಲ್ಲವನ್ನೂ ಅಂಕಿಅಂಶ ಸಂಗ್ರಹಿಸುವ ಮೊದಲೇ ಬರೆದಿಡಬೇಕು. ಫಲ ಬಂದ ಮೇಲೆ ಊಹೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಚಾಳಿಯಿಂದ ಮನಶ್ಶಾಸ್ತ್ರಕ್ಕೆ ಈಗಾಗಲೇ ಸಾಕಷ್ಟು ಅಪಕೀರ್ತಿ ಬಂದಿದೆ. 2015ರಲ್ಲಿ ಬ್ರಯನ್ ನೋಸೆಕ್ ಮತ್ತು ಅವರ ಸಹಕಾರಿಗಳು ಪ್ರಸಿದ್ಧ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇಕಡಾ 97ರಷ್ಟು ಅಧ್ಯಯನಗಳು ಗಣನೀಯ ಫಲವನ್ನು ಸಾರಿದ್ದವು. ಪುನಃ ಮಾಡಿದಾಗ ಅಂಥ ಫಲ ದೊರೆತದ್ದು ಶೇಕಡಾ 36ರಲ್ಲಿ ಮಾತ್ರ.

ಎರಡನೆಯದು ನೀತಿಯ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ಮಾರ್ಗಸೂಚಿಯಂತೆ ಹದಿನೆಂಟರೊಳಗಿನ ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಳ್ಳಲು ತಂದೆತಾಯಿಗಳ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿ? ಇಲ್ಲಿಯೂ ಅದೇ ಪ್ರಶ್ನೆ. ಮುಖ್ಯೋಪಾಧ್ಯಾಯರ ರುಜು ಒಂದಿದ್ದರೆ ಸಾಕೆಂದು ತಿಳಿದವರುಂಟು, ಅದು ಸಾಲದು.

ಈ ಬಗೆಯ ಕೆಲಸ ನಮ್ಮ ಭಾಷೆಯಲ್ಲಿ ಅಸಾಧ್ಯವಲ್ಲವೆಂಬುದಕ್ಕೆ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಕುರಿತು ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಇಂಗ್ಲಿಷ್ ಮಗು 26 ಅಕ್ಷರಗಳನ್ನು ಬೇಗ ಮುಗಿಸುತ್ತದೆ. ಕನ್ನಡದ ಮಗುವಿಗೆ ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳು. ಅವುಗಳ ಕಲಿಕೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆದೇ ಇರುತ್ತದೆ. ಇಂಗ್ಲಿಷಿನ ಅಳತೆಯಿಂದ ನೋಡಿದರೆ ನಮ್ಮ ಮೂರನೆಯ ಇಯತ್ತೆಯ ಹುಡುಗ ಹಿಂದುಳಿದವನಂತೆ ಕಾಣುವನು. ನಿಜವಾಗಿ ಅವನು ತನ್ನ ಲಿಪಿಗೆ ತಕ್ಕ ವೇಗದಲ್ಲಿಯೇ ಇದ್ದಾನೆ.

ನನ್ನ ಈ ವಾದಕ್ಕೆ ಎದುರು ಹೇಳುವವರು ಇದ್ದಾರೆ. ಎರಡು ವರ್ಷಗಳಲ್ಲಿ, ಅದರಲ್ಲಿಯೂ ಆರು ತಿಂಗಳಲ್ಲಿ, ಅಳತೆಗೋಲನ್ನೂ ಪರೀಕ್ಷಿಸಿ ಸಮಸ್ಯೆಯನ್ನೂ ಬಿಡಿಸುವುದು ವಿದ್ಯಾರ್ಥಿಯಿಂದ ಆಗದ ಮಾತು, ಅದನ್ನು ಪಿಎಚ್.ಡಿ.ಗೆ ಬಿಡೋಣ ಎಂದು ಅನುಭವಸ್ಥರೇ ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಒಬ್ಬ ಅಧ್ಯಾಪಕನ ಕೈಕೆಳಗೆ ಹಲವು ಪ್ರಬಂಧಗಳಿದ್ದಾಗ ಪ್ರತಿಯೊಂದನ್ನೂ ತೂಗಿ ನೋಡುವುದಕ್ಕೆ ಹೊತ್ತೆಲ್ಲಿ? ಆದರೆ ಇದಕ್ಕೆ ದಾರಿಯಿದೆ. 'ಹೊಸ' ಸಮಸ್ಯೆ ಬೇಕೆಂಬ ಹಟವನ್ನು ಬಿಟ್ಟುಬಿಡೋಣ. ಅಳತೆಗೋಲಿನ ಪರೀಕ್ಷೆಯನ್ನೇ ಪೂರ್ಣ ಪ್ರಬಂಧವೆಂದು ಒಪ್ಪೋಣ. ಬೇರೆಡೆ ಮಾಡಿದ ಒಳ್ಳೆಯ ಪ್ರಯೋಗವೊಂದನ್ನು ಇಲ್ಲಿಯ ಭಾಷೆಯಲ್ಲಿ ಎಚ್ಚರದಿಂದ ಮತ್ತೆ ಮಾಡಿದರೂ ಪೂರ್ಣ ಅಂಕ ಕೊಡೋಣ. ಫಲ ಮೂಲದಂತೆ ಬರಲಿಲ್ಲವೆಂದು ವಿದ್ಯಾರ್ಥಿಯನ್ನು ದಂಡಿಸುವುದು ಬೇಡ. ಎಂ.ಎಸ್ಸಿ.ಯ ಭೌತಶಾಸ್ತ್ರದಲ್ಲಿ ನಾವು ಮಿಲಿಕನ್ನನ ಎಣ್ಣೆಹನಿಯ ಪ್ರಯೋಗವನ್ನು ಮಾಡಿಸುವುದು ಎಲೆಕ್ಟ್ರಾನಿನ ವಿದ್ಯುದಂಶವು ಇಂದು ಬದಲಾಗಿರಬಹುದೆಂಬ ಶಂಕೆಯಿಂದಲ್ಲವಷ್ಟೆ. ಮನಶ್ಶಾಸ್ತ್ರದಲ್ಲಿ ಲಾಭ ಇನ್ನೂ ಹೆಚ್ಚು, ಏಕೆಂದರೆ ಇಲ್ಲಿ ಊರು ಬದಲಾದಂತೆ ಫಲ ನಿಜವಾಗಿಯೂ ಬದಲಾಗಬಹುದು.

ಈ ದಾರಿಯಲ್ಲಿ ಹೋಗಬಯಸುವ ಪಿ.ಯು. ಮತ್ತು ಪದವಿ ವಿದ್ಯಾರ್ಥಿಗಳು ಈಗಿನಿಂದಲೇ ಮಾಡಬೇಕಾದುದು ಹೆಚ್ಚೇನಿಲ್ಲ. ಸರಾಸರಿ, ವಿಚಲನೆ, ಸಂಭವನೀಯತೆ ಇವನ್ನು ಭಯಪಡದೆ ಕಲಿಯಿರಿ. ಹತ್ತನೆಯ ತರಗತಿಯ ಗಣಿತ ಬಂದವರಿಗೆ ಇವು ಎಟುಕದ ಎತ್ತರದಲ್ಲಿಲ್ಲ. ಪ್ರಕಟವಾದ ಸಂಶೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಆ ಭಾಷೆಯನ್ನು ನಿಧಾನವಾಗಿಯಾದರೂ ಸರಿಯಾಗಿ ಓದುವ ರೂಢಿ ಇರಲಿ. ಮನೆಯ ಮಾತನ್ನೂ ನೆರೆಮನೆಯ ಮಾತನ್ನೂ ಮರೆಯಬೇಡಿರಿ. ಕನ್ನಡ ಮರಾಠಿಗಳೆರಡನ್ನೂ ಸಹಜವಾಗಿ ಆಡುವ ಗಡಿನಾಡಿನ ವಿದ್ಯಾರ್ಥಿಗೆ ಇರುವ ಅನುಕೂಲ ಬೆಂಗಳೂರಿನವನಿಗೂ ಇಲ್ಲ, ಪುಣೆಯವನಿಗೂ ಇಲ್ಲ. ಲಂಡನ್ನಿನವನ ಮಾತಂತೂ ದೂರವೇ ಉಳಿಯಿತು.

ಅಂಕಿಯ ಪ್ರಯೋಗವನ್ನು ನಿಜವಾಗಿ ಮಾಡಲು ಯಾರಾದರೂ ಮನಸ್ಸು ಮಾಡಿದರೆ ಕಾಲದ ಬಗ್ಗೆ ಒಂದು ಸೂಚನೆ. ಧ್ವನಿ ಮುದ್ರಿಸಿಕೊಳ್ಳಬಲ್ಲ ಒಂದು ಫೋನು, ಅಂಕಿಗಳ ಪಟ್ಟಿ, ಶಾಲೆಯಲ್ಲಿ ಗದ್ದಲವಿಲ್ಲದ ಒಂದು ಕೋಣೆ ಇದ್ದರೆ ಸಲಕರಣೆ ಮುಗಿಯಿತು. ಮಗುವೊಂದಕ್ಕೆ ಅರ್ಧ ಗಂಟೆ ಹಿಡಿದರೂ ಮೂರು ನಾಲ್ಕು ವಾರಗಳಲ್ಲಿ ಕೆಲಸ ಪೂರೈಸಬಹುದು. ಆದರೆ ಕೃಷ್ಣೆಯ ದಡದ ಊರುಗಳಲ್ಲಿ ಜುಲೈ ಆಗಸ್ಟ್ ತಿಂಗಳುಗಳನ್ನು ನೆಚ್ಚಬಾರದು. 2005, 2019, 2021ರಂಥ ಮಹಾಪೂರ ಬಂದರೆ ಶಾಲೆಗಳು ಮುಚ್ಚುತ್ತವೆ, ಮನೆ ಬಿಟ್ಟು ಬಂದ ಮಕ್ಕಳ ಮನಸ್ಸೂ ಅಂಕಿಗಳ ಮೇಲೆ ಇರುವುದಿಲ್ಲ. ದೀಪಾವಳಿಯ ರಜೆ ಮುಗಿದ ಮೇಲೆ, ವಾರ್ಷಿಕ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು, ಡಿಸೆಂಬರ್ ಜನವರಿಯಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು.